ಕಪ್ಪೆಯ ಮಿದುಳು: ನೋಡಬೇಕೇ, ಬಿಡಬೇಕೇ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಮಸಾರಿ ಹೊಲಗಳಲ್ಲಿ ಕಪ್ಪೆಗಳು ವರ್ಷದ ಬಹುಪಾಲು ಕಣ್ಣಿಗೆ ಬೀಳುವುದಿಲ್ಲ. ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಕೃಷಿಹೊಂಡ, ಹಳ್ಳ, ಕೆರೆಯಂಗಳಗಳಲ್ಲಿ ಒಮ್ಮೆಲೇ ಕೂಗು ಏಳುತ್ತದೆ. ಅಷ್ಟು ದಿನ ಒಣ ಮಣ್ಣಿನೊಳಗೆ ಈ ಜೀವ ಹೇಗೆ ಉಳಿಯಿತು ಎಂಬುದಕ್ಕೆ ಉತ್ತರದ ಒಂದು ಪಾಲು ಅದರ ಮಿದುಳಿನಲ್ಲಿದೆ.

ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲವೆಂದೇ ಹೇಳಬಹುದು. ಹಿಂಗಾಲು ಅಗಲಿಸಿ, ಕೆಳಹೊಟ್ಟೆಯ ತೆಳು ಚರ್ಮವನ್ನು ಹಸಿ ನೆಲಕ್ಕೆ ಒತ್ತಿ ಕೂರುತ್ತದೆ. ಆ ಚರ್ಮವೇ ನೀರನ್ನು ಒಳಗೆಳೆದುಕೊಳ್ಳುತ್ತದೆ. ಮೈಯಲ್ಲಿ ನೀರು ಕಡಿಮೆಯಾದಾಗ ವ್ಯಾಸೊಟೊಸಿನ್ ಎಂಬ, ಒಂಬತ್ತೇ ಅಮೈನೊ ಆಮ್ಲಗಳ ಪುಟ್ಟ ನ್ಯೂರೋಪೆಪ್ಟೈಡ್ ಮಿದುಳಿನ ತಳದ ಪಿಟ್ಯುಟರಿ ಗ್ರಂಥಿಯಿಂದ ರಕ್ತಕ್ಕಿಳಿಯುತ್ತದೆ. ಚರ್ಮ ಮತ್ತು ಮೂತ್ರಕೋಶದ ಜೀವಕೋಶಗಳ ಮೇಲಿರುವ ರಿಸೆಪ್ಟರ್, ಅಂದರೆ ಗ್ರಾಹಿ, ಅದನ್ನು ಗುರುತಿಸಿದರೆ ನೀರಿನ ದಾರಿ ತೆರೆಯುತ್ತದೆ. ಅದೇ ವ್ಯಾಸೊಟೊಸಿನ್ ಮಿದುಳಿನಲ್ಲಿ ಬೇರೊಂದು ಬಗೆಯ ಗ್ರಾಹಿಯ ಮೂಲಕ ಗಂಡು ಕಪ್ಪೆಯ ಕೂಗಿನ ಮೇಲೂ ಪ್ರಭಾವ ಬೀರುತ್ತದೆ. ಬರ ಮತ್ತು ಬೆದೆ ಎರಡಕ್ಕೂ ಸಂಬಂಧಿಸಿದ ಇಂಥ ಗ್ರಾಹಿಗಳನ್ನು ಅಧ್ಯಯನ ಮಾಡಬೇಕೆಂಬುದರಲ್ಲಿ ತಕರಾರಿಲ್ಲ. ಅದಕ್ಕಾಗಿ ಕಪ್ಪೆಯನ್ನು ಕೊಲ್ಲಬೇಕೇ, ಕೊಲ್ಲುವುದಾದರೆ ಯಾರು, ಯಾವ ಕಪ್ಪೆಯನ್ನು ಎಂಬಲ್ಲಿ ಪ್ರಾಮಾಣಿಕ ಭಿನ್ನಾಭಿಪ್ರಾಯವಿದೆ.

ಅಂಗಾಂಶ ಬೇಕೇ ಬೇಕು ಎನ್ನುವವರ ವಾದ ಗಟ್ಟಿಯಾದದ್ದು. ನರಕೋಶಗಳ ನಡುವೆ ಪೆಪ್ಟೈಡ್ ಕೂಡ ಸಂದೇಶವಾಹಕವಾಗಬಹುದೆಂಬುದಕ್ಕೆ ಪ್ರಬಲ ಪುರಾವೆ ದೊರೆತದ್ದೇ ಕಪ್ಪೆಯಲ್ಲಿ. 1979ರಲ್ಲಿ ಯುಹ್ ನುಂಗ್ ಜಾನ್, ಲಿಲಿ ಜಾನ್ ಮತ್ತು ಸ್ಟೀಫನ್ ಕಫ್ಲರ್ ಕಪ್ಪೆಯ ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ, ಸಂತಾನ ಹಾರ್ಮೋನುಗಳನ್ನು ನಿಯಂತ್ರಿಸುವ ಪೆಪ್ಟೈಡನ್ನು ಹೋಲುವ ವಸ್ತುವೊಂದು ನಿಮಿಷಗಟ್ಟಲೆ ಉಳಿಯುವ ನಿಧಾನದ ಸಂಕೇತ ಉಂಟುಮಾಡುವುದನ್ನು ತೋರಿಸಿದರು. ಮುಂದಿನ ವರ್ಷಗಳಲ್ಲಿ, ಆ ಪೆಪ್ಟೈಡ್ ತಾನು ಹೊರಬಿದ್ದ ಜಾಗದಿಂದ ಹರಡಿ, ನೇರ ಸಂಪರ್ಕವಿಲ್ಲದ ನೆರೆಯ ಕೋಶಗಳನ್ನೂ ಮುಟ್ಟುವುದು ಗೊತ್ತಾಯಿತು. ಜೀವಂತ ನರಗಂಟನ್ನು ಹೊರತೆಗೆಯದೆ ಇದು ತಿಳಿಯುತ್ತಿರಲಿಲ್ಲ.

ಇದಕ್ಕೆ ಎದುರು ವಾದವೂ ಕಡಿಮೆ ತೂಕದ್ದಲ್ಲ. 1979ರಲ್ಲಿ ಇಲ್ಲದ ದಾರಿಗಳು ಇಂದು ಇವೆ. 1987ರಲ್ಲಿ ಜಪಾನಿನ ಶಿಗೆತಾದ ನಕನಿಶಿ ಅವರ ತಂಡ ನ್ಯೂರೋಪೆಪ್ಟೈಡ್ ಗ್ರಾಹಿಯೊಂದರ ಜೀನನ್ನು ಪ್ರತ್ಯೇಕಿಸಲು ಝೆನೋಪಸ್ ಎಂಬ ಆಫ್ರಿಕಾದ ಕಪ್ಪೆಯ ಮೊಟ್ಟೆಕೋಶಗಳನ್ನೇ ಪಾತ್ರೆಯಾಗಿ ಬಳಸಿತು. ಇಂಥ ಮೊಟ್ಟೆಕೋಶಗಳನ್ನು ಅರಿವಳಿಕೆ ಕೊಟ್ಟು, ಹೆಣ್ಣು ಕಪ್ಪೆ ಬದುಕಿರುವಂತೆಯೇ ತೆಗೆಯಬಹುದು. ಝೆನೋಪಸ್‌ನ ಒಂದು ಪ್ರಭೇದದ ಇಡೀ ಜೀನೋಮ್ 2010ರಲ್ಲೇ ಪ್ರಕಟವಾಗಿದೆ. ಯಾವುದೇ ಕಪ್ಪೆಯ ಬಾಯಿ ಅಥವಾ ಚರ್ಮವನ್ನು ಹತ್ತಿಯಿಂದ ಒರೆಸಿ ಪಡೆದ ಡಿಎನ್‌ಎಯಿಂದ ಗ್ರಾಹಿಯ ಜೀನನ್ನು ಓದಬಹುದು. ಅದನ್ನು ಬೆಳೆಸಿದ ಕೋಶಗಳಲ್ಲಿಟ್ಟು ಪೆಪ್ಟೈಡಿಗೆ ಹೇಗೆ ಸ್ಪಂದಿಸುತ್ತದೆಂದು ಅಳೆಯಬಹುದು. ಇಷ್ಟೆಲ್ಲ ಇರುವಾಗ ಹೊಲದ ಕಪ್ಪೆಯನ್ನೇಕೆ ಹಿಡಿಯಬೇಕು?

ಆದರೆ ಡಿಎನ್‌ಎ ಗ್ರಾಹಿಯ ಹೆಸರು ಹೇಳುತ್ತದೆ, ವಿಳಾಸ ಹೇಳುವುದಿಲ್ಲ. ಮಿದುಳಿನ ಯಾವ ಭಾಗದಲ್ಲಿ, ಎಷ್ಟು, ಯಾವ ಋತುವಿನಲ್ಲಿ ಅದು ಹೆಚ್ಚುತ್ತದೆ ಎಂಬುದಕ್ಕೆ ತಾಜಾ ಮಿದುಳಿನ ಸೀಳುಗಳೇ ಬೇಕು. ರಸ್ತೆಯಲ್ಲಿ ಚಕ್ರಕ್ಕೆ ಸಿಕ್ಕಿ ಸತ್ತ ಕಪ್ಪೆ ಇದಕ್ಕೆ ಹೆಚ್ಚು ಉಪಯೋಗಕ್ಕೆ ಬಾರದು. ಜೀನಿನ ಸಂದೇಶ ಹೊರುವ ಆರ್‌ಎನ್‌ಎ ಬೇಗ ಹಾಳಾಗುತ್ತದೆ. ಇನ್ನು ಝೆನೋಪಸ್ ಬದುಕಿನ ಬಹುಪಾಲು ನೀರಿನಲ್ಲೇ ಇರುವ ಪ್ರಾಣಿ. ಬಿಲದಲ್ಲಿ ಬೇಸಿಗೆ ಕಳೆಯುವ ನಮ್ಮ ಬಿಲಗಪ್ಪೆಯ ನೀರಿನ ಲೆಕ್ಕವನ್ನು ಅದರಿಂದ ಊಹಿಸುವುದು ಎಷ್ಟು ಸರಿ?

ಸಂರಕ್ಷಣೆಯ ಪರ ಇರುವವರ ಆತಂಕ ನನ್ನನ್ನು ಹೆಚ್ಚು ಕಾಡುವುದು ಒಂದು ವಿಷಯದಲ್ಲಿ. ಬಿಲಗಪ್ಪೆ ಸುಲಭವಾಗಿ ಕೈಗೆ ಸಿಗುವುದು ಮೊದಲ ಮಳೆಯ ಕೆಲವೇ ರಾತ್ರಿಗಳಲ್ಲಿ. ಅವು ಸಂತಾನಕ್ಕಾಗಿ ಹೊಂಡಕ್ಕೆ ಬಂದಿರುವ ರಾತ್ರಿಗಳೂ ಅವೇ. ಸಂಗ್ರಹಕ್ಕೆ ಅನುಕೂಲವಾದ ಹೊತ್ತೇ ಅತಿ ಹೆಚ್ಚು ಹಾನಿಯ ಹೊತ್ತು. ಅತಿಯಾಗಿ ಹಿಡಿಯುವ ಭಯ ಹೊಸದೂ ಅಲ್ಲ: ಕಪ್ಪೆಕಾಲಿನ ವ್ಯಾಪಾರ ಮಿತಿಮೀರಿ, ಭಾರತ 1987ರಲ್ಲಿ ಅದರ ರಫ್ತನ್ನೇ ನಿಲ್ಲಿಸಬೇಕಾಯಿತು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿ ಸಂರಕ್ಷಣಾ ಪ್ರದೇಶ 2024ರಲ್ಲಿ ರಾಮ್ಸರ್ ತಾಣವಾಯಿತು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ಪಟ್ಟಿ ಸೇರಿತು. ಅಲ್ಲಿ ಹಕ್ಕಿಗೆ ಸಿಕ್ಕ ಮನ್ನಣೆ ಅದೇ ಕೆಸರಿನಲ್ಲಿರುವ ಕಪ್ಪೆಗೆ ಏಕಿಲ್ಲ ಎಂದು ಅವರು ಕೇಳಿದರೆ ಅದು ಬರೀ ಭಾವುಕತೆಯಲ್ಲ.

ನೋವಿನ ಪ್ರಶ್ನೆ ಇನ್ನೂ ತೊಡಕಿನದು. ಇಟಲಿಯ ವಿಟ್ಟೋರಿಯೊ ಎರ್‌ಸ್ಪಾಮರ್ ತಂಡ ದಕ್ಷಿಣ ಅಮೆರಿಕದ ಮರಗಪ್ಪೆಯ ಚರ್ಮದಲ್ಲಿ ಡರ್ಮಾರ್ಫಿನ್ ಎಂಬ ಪೆಪ್ಟೈಡನ್ನು ಕಂಡುಹಿಡಿಯಿತು. ಅದು ಅಂಟುವುದು ಮಾರ್ಫಿನ್ ಅಂಟುವ ಗ್ರಾಹಿಗೇ. ಅಂಥ ಓಪಿಯಾಯ್ಡ್ ಗ್ರಾಹಿಗಳು ಕಪ್ಪೆಯ ನರಮಂಡಲದಲ್ಲೂ ಇವೆ. ಮಾರ್ಫಿನ್ ಕೊಟ್ಟರೆ ನೋವಿಗೆ ಅದು ತೋರುವ ಪ್ರತಿಕ್ರಿಯೆ ತಗ್ಗುತ್ತದೆ. ಕಪ್ಪೆಗೆ ನೋವಾಗುವುದಿಲ್ಲ ಎಂಬ ಹಳೆಯ ಸಮಾಧಾನವನ್ನು ಹೀಗೆ ಗ್ರಾಹಿಗಳ ಅಧ್ಯಯನವೇ ಸಡಿಲಗೊಳಿಸಿತು. ಪ್ರಯೋಗ ಬೇಡ ಎನ್ನುವವರು ತಮ್ಮ ಒಳ್ಳೆಯ ಸಾಕ್ಷ್ಯವನ್ನು ಪ್ರಯೋಗದಿಂದಲೇ ಪಡೆದಿದ್ದಾರೆ. ಪ್ರಯೋಗ ಮಾಡುವವರು ತಮ್ಮ ಫಲಿತಾಂಶದಿಂದಲೇ ತಮ್ಮ ಹೊಣೆ ಹೆಚ್ಚಿಸಿಕೊಂಡಿದ್ದಾರೆ.

ತಾಲ್ಲೂಕು ಕೇಂದ್ರಗಳ ಪದವಿ ಕಾಲೇಜುಗಳ ಮಾತು ಬೇರೆ. ಪ್ರಾಣಿಶಾಸ್ತ್ರದಲ್ಲಿ ಛೇದನವನ್ನು ಹಂತಹಂತವಾಗಿ ಕೈಬಿಡಲು ಯುಜಿಸಿ 2011ರಲ್ಲಿ ಮಾರ್ಗಸೂಚಿ ಹೊರಡಿಸಿತು. 2014ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿತು. ಕೈಯಾರೆ ಕಲಿಯುವ ಕೌಶಲ ಇದರಿಂದ ತಪ್ಪುತ್ತದೆ, ಪಟ್ಟಣದವರಿಗಿರುವ ಸಲಕರಣೆ ಇಲ್ಲದ ಗ್ರಾಮೀಣ ವಿದ್ಯಾರ್ಥಿಗೇ ನಷ್ಟ ಹೆಚ್ಚು ಎಂಬ ಅಧ್ಯಾಪಕರ ಮಾತು ತಳ್ಳಿಹಾಕುವಂಥದ್ದಲ್ಲ. ಆದರೂ ಬಿ.ಎಸ್ಸಿ. ಮುಗಿಸುವ ಹೆಚ್ಚಿನವರು ನರವಿಜ್ಞಾನಿಗಳಾಗುವುದಿಲ್ಲ. ಅವರೆಲ್ಲರ ಅಭ್ಯಾಸಕ್ಕಾಗಿ ಕಪ್ಪೆ ಕೊಲ್ಲುವುದಕ್ಕೂ ಒಂದು ನಿರ್ದಿಷ್ಟ ಸಂಶೋಧನೆಗಾಗಿ ಕೊಲ್ಲುವುದಕ್ಕೂ ವ್ಯತ್ಯಾಸವಿದೆ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅನುಭವ ಇಲ್ಲಿ ನೆರವಿಗೆ ಬರುತ್ತದೆ. ಎಸ್.ಕೆ. ಸೈದಾಪುರ ಮತ್ತು ಸಹೋದ್ಯೋಗಿಗಳು ದಶಕಗಳ ಕಾಲ ಕಪ್ಪೆಗಳ ಸಂತಾನೋತ್ಪತ್ತಿ, ಹಾರ್ಮೋನುಗಳ ಅಧ್ಯಯನ ನಡೆಸಿದರು; ಅದಕ್ಕೆ ಅಂಗಾಂಶ ಬೇಕಾಗಿತ್ತು. ಅಲ್ಲಿಯೇ ನೆಲಗಪ್ಪೆಯ ಗೊದಮೊಟ್ಟೆಗಳು ಒಡಹುಟ್ಟಿದವನ್ನು ಗುರುತಿಸುತ್ತವೆಯೇ ಎಂದೂ ನೋಡಿದರು. ತೊಟ್ಟಿಯ ಒಂದು ತುದಿಗೆ ಒಡಹುಟ್ಟಿದವು, ಇನ್ನೊಂದು ತುದಿಗೆ ಅಪರಿಚಿತವು, ನಡುವೆ ಬಿಟ್ಟ ಮರಿ ಯಾವ ಕಡೆ ಹೆಚ್ಚು ಹೊತ್ತು ಕಳೆಯುತ್ತದೆಂಬ ಲೆಕ್ಕ. ಕೊಲ್ಲುವ ಮಾತೇ ಇಲ್ಲ. ಪ್ರಶ್ನೆ ಬೇರೆಯಾದಂತೆ ಸಲಕರಣೆಯೂ ಬೇರೆ.

ಹಾಗಾಗಿ, ತುಸು ಹಿಂಜರಿಕೆಯಿಂದಲೇ, ಒಂದು ನಡುದಾರಿಯತ್ತ ವಾಲಬಹುದೆನಿಸುತ್ತದೆ. ಈ ಐದು ತಾಲ್ಲೂಕುಗಳ ಕಾಲೇಜುಗಳು ಕೂಗಿನ ಧ್ವನಿಮುದ್ರಣ, ಮಳೆಯ ದಿನಾಂಕ, ಎಷ್ಟು ಹೊತ್ತಿನಲ್ಲಿ ಎಷ್ಟು ನೀರು ಹೀರಿತೆಂದು ಕಪ್ಪೆಯನ್ನು ತೂಗಿ ಬಿಡುವ ಕೆಲಸ ವಹಿಸಿಕೊಳ್ಳಲಿ; ಜೀನ್ ಓದಲು ಹತ್ತಿಯ ಮಾದರಿ ಸಾಕು. ಅದಕ್ಕೂ ಬೇಕಾದ ಅನುಮತಿ ಇರಲಿ. ಮಿದುಳೇ ಬೇಕಾದಾಗ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು. 1972ರ ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿರುವ ಕಪ್ಪೆಯಾದರೆ 12ನೇ ಕಲಮಿನ ಪರವಾನಗಿಯೂ ಬೇಕು. ಇವೆರಡನ್ನೂ ಪಡೆದ ವಿಶ್ವವಿದ್ಯಾಲಯ ಮಾತ್ರ ಆ ಕೆಲಸಕ್ಕೆ ಕೈಹಾಕಲಿ. ಮೊದಲ ಮಳೆಯ ರಾತ್ರಿಗಳನ್ನು ಬಿಟ್ಟು, ಸಾಧ್ಯವಾದಲ್ಲಿ ಮೊಟ್ಟೆಯಿಂದ ಸಾಕಿದ ಕಪ್ಪೆಯನ್ನೇ ಬಳಸಲಿ. ಸಾಕಿದ ಕಪ್ಪೆ ಬರ ಕಂಡಿರುವುದಿಲ್ಲ, ನಿಜ. ಕೆಲವು ಪ್ರಶ್ನೆಗಳಿಗೆ ಅದು ಸಾಲದೆಯೂ ಹೋಗಬಹುದು. ಅಂಥ ಕಡೆ ಹೊಲದಿಂದ ತಂದ ಒಂದೊಂದು ಮಿದುಳಿನ ಸೀಳುಗಳನ್ನೂ ಶೈತ್ಯಾಗಾರದಲ್ಲಿಟ್ಟು, ಕೇಳಿದ ಇತರ ಪ್ರಯೋಗಾಲಯಗಳಿಗೂ ಕೊಡುವುದು ಪರವಾನಗಿಯ ಷರತ್ತಾಗಿರಲಿ.