‘ಪ್ರೋಗ್ರೆಸ್’: ನಡೆಯುವ ಕಾಲು ಯಾರದು?

ಮಂತ್ರಿಗಳ ಭಾಷಣದಲ್ಲಿ, ಕಚೇರಿಯ ಕಡತದಲ್ಲಿ, ಮಕ್ಕಳ ಶಾಲೆಯ ಕಾರ್ಡಿನಲ್ಲಿ ‘ಪ್ರೋಗ್ರೆಸ್’ ಎಂಬ ಒಂದೇ ಶಬ್ದ ಮೆರೆಯುತ್ತಿದೆ. ಇಂಗ್ಲಿಷಿನ ಯಜಮಾನಿಕೆ ತೊಲಗಬೇಕೆಂದು ಡಾ. ಲೋಹಿಯಾ ಹೋರಾಡಿದರು, ನಾವೂ ಅದೇ ಪಕ್ಷದವರು. ಆದರೆ ಮನೆ ಹೊಕ್ಕವನ ಗಂಟು ಬಿಚ್ಚಿ ನೋಡದೆ ಹೊರಗೆ ಕಳಿಸುವುದು ಜಾಣತನವಲ್ಲ.

ಈ ಶಬ್ದದ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಮುಂದಕ್ಕೆ ಹೆಜ್ಜೆ ಹಾಕು ಎಂದು ಅದರ ಅರ್ಥ. ನಮ್ಮ ‘ಮುನ್ನಡೆ’ಯೂ ಅದೇ. ಆ ಬೇರಿನಿಂದಲೇ ‘ಕಾಂಗ್ರೆಸ್’ ಹುಟ್ಟಿತು, ಅಂದರೆ ಒಟ್ಟಾಗಿ ನಡೆಯುವುದು. ‘ಅಗ್ರೆಷನ್’ ಕೂಡ ಹುಟ್ಟಿತು, ಅಂದರೆ ಮತ್ತೊಬ್ಬರ ಮೇಲೆ ನುಗ್ಗುವುದು. ಮೊದಲನೆಯದು ಯಾವಾಗ ಎರಡನೆಯದಾಗುತ್ತದೆಂಬುದನ್ನು ವಾಚಕರ ಅನುಭವಕ್ಕೆ ಬಿಟ್ಟಿದ್ದೇವೆ. ಇನ್ನೊಂದು ಹಳೆಯ ಅರ್ಥವಿದೆ. ಇಂಗ್ಲೆಂಡಿನ ಅರಸರು ಪರಿವಾರ ಸಮೇತ ನಾಡು ಸುತ್ತುವ ಸವಾರಿಗೂ ‘ಪ್ರೋಗ್ರೆಸ್’ ಎಂದೇ ಹೆಸರು. 16ನೆಯ ಶತಮಾನದಲ್ಲಿ ಒಂದನೆಯ ಎಲಿಜಬೆತ್ ರಾಣಿ ಬೇಸಿಗೆಯಲ್ಲಿ ಹೀಗೆ ಹೊರಡುತ್ತಿದ್ದಳು. ಅವಳು ತಂಗಿದ ಮನೆಯವರು ಖರ್ಚಿನ ಭಾರಕ್ಕೆ ತತ್ತರಿಸುತ್ತಿದ್ದರು. ಮಂತ್ರಿಗಳ ಮೋಟಾರು ಸಾಲು ಬರುತ್ತದೆಂದು ಕಮಾನು ಕಟ್ಟಲು ಪಟ್ಟಿ ಕೊಟ್ಟ ಅಂಗಡಿಕಾರರಿಗೆ ಈ ಅರ್ಥವನ್ನು ವಿವರಿಸಬೇಕಾಗಿಲ್ಲ.

‘ಪ್ರಗತಿ’ಯಲ್ಲಿಯೂ ನಡಿಗೆಯೇ ಇದೆ. ಗತಿ ಎಂದರೆ ಹೋಗುವುದು. ಆದರೆ ಬಡವರ ಬಾಯಿಯಲ್ಲಿ ಅದು ಬೇರೆಯಾಯಿತು: ‘ಮುಂದೇನು ಗತಿ?’, ‘ಗತಿಯಿಲ್ಲದವ’. ನಮಗೆ ‘ನಡೆ’ ಎಂಬ ಕನ್ನಡ ಮಾತೇ ಮೇಲು. ಮನುಷ್ಯ ನಡೆಯುತ್ತಾನೆ, ಗಿರಣಿ ನಡೆಯುತ್ತದೆ, ಅಂಗಡಿಯೂ ನಡೆಯುತ್ತದೆ. 19ನೆಯ ಶತಮಾನದ ಕೊನೆಗೆ ಹುಟ್ಟಿದ ಕಲಬುರಗಿಯ ಎಂ.ಎಸ್.ಕೆ. ಗಿರಣಿ ನಡೆದಷ್ಟು ಕಾಲ ಪಗಾರದ ದಿನ ಸುತ್ತಲಿನ ಅಂಗಡಿಗಳೂ ನಡೆದವು. ಗಿರಣಿಯ ಕಾಲು ನಿಂತರೆ ಅಂಗಡಿಯಲ್ಲಿ ಉದ್ರಿ ಪುಸ್ತಕ ಮಾತ್ರ ಬೆಳೆಯುತ್ತದೆ. ಕಾರ್ಮಿಕನೂ ಕಿರಾಣಿಯವನೂ ಬೇರೆ ಬೇರೆ ಎಂದು ಹೇಳುವವರು ಈ ಒಂದು ಕ್ರಿಯಾಪದವನ್ನು ಕಲಿತರೆ ಸಾಕು.

ಇದರ ವಿರುದ್ಧ ಪದ ‘ಹಿಂದುಳಿದ’. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು ‘ಅತ್ಯಂತ ಹಿಂದುಳಿದವು’ ಎಂದು ಗುರುತಿಸಿತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಅದರಲ್ಲಿವೆ. ಸಮಿತಿಯ ಲೆಕ್ಕದ ಮೇಲೆ ನಮಗೆ ಗೌರವವಿದೆ, ಶಬ್ದದ ಮೇಲಿಲ್ಲ. ಆಲಸಿ ಹುಡುಗ ಪಾಠದಲ್ಲಿ ಹಿಂದುಳಿದಂತೆ ಈ ತಾಲ್ಲೂಕುಗಳು ತಾವೇ ಕುಳಿತುಬಿಟ್ಟವು ಎಂಬ ಧ್ವನಿ ಅದರಲ್ಲಿದೆ. ಉಳಿದದ್ದಲ್ಲ, ಉಳಿಸಿದ್ದು. ಉಳಿಸಿದವರ ಹೆಸರು ವ್ಯಾಕರಣದಲ್ಲಿ ಮಾಯವಾಗಿದೆ, ಅಷ್ಟೆ.

ಈ ಜನ ನಡೆಯದವರೇ? ಮುಂಬಯಿ, ಪುಣೆ, ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡ ಎತ್ತುವವರು ಈ ಸೀಮೆಯವರು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ದೇಶದ ಹೆದ್ದಾರಿಗಳಲ್ಲಿ ದುಡಿಯುವ ಜನ ಗಂಟು ಹೊತ್ತು ನೂರಾರು ಮೈಲಿ ನಡೆದರು. ದಾರಿಯಲ್ಲಿ ಸತ್ತವರೆಷ್ಟು ಎಂದು ಆ ಸೆಪ್ಟೆಂಬರಿನಲ್ಲಿ ಲೋಕಸಭೆಯಲ್ಲಿ ಕೇಳಿದ್ದಕ್ಕೆ, ಅಂಥ ಅಂಕಿ ಅಂಶ ಇಟ್ಟಿಲ್ಲವೆಂದು ಕೇಂದ್ರ ಸರ್ಕಾರ ಉತ್ತರಿಸಿತು. ಸವಾರಿಗೆ ಲೆಕ್ಕವುಂಟು, ನಡಿಗೆಗಿಲ್ಲ.

ಅಫಜಲಪುರ ತಾಲ್ಲೂಕಿನ ಸೊನ್ನಕ್ಕೆ ಹೋಗಿ ನೋಡಿರಿ. (ಊರ ಹೆಸರು ಸೊನ್ನೆಯಂತೆ ಕೇಳಿಸಿದರೂ ಅಂಕಿಯ ಬಲಕ್ಕೆ ನಿಂತ ಸೊನ್ನೆಗೆ ಹತ್ತು ಪಟ್ಟು ಬೆಲೆ!) ಅಲ್ಲಿ ಭೀಮೆಗೆ ಅಡ್ಡವಾಗಿ ಬ್ಯಾರೇಜು ಕಟ್ಟಿದ್ದಾರೆ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದಿಂದ ಬಂದ ಮಹಾಪೂರಕ್ಕೆ ಭೀಮಾತೀರದ ಊರುಗಳು ಮುಳುಗಿದವು. ಬೇಸಿಗೆಯಲ್ಲಿಯಾದರೆ ಉಜನಿ ಅಣೆಯಿಂದ ನೀರು ಬಿಡಿಸಿರೆಂದು ಇದೇ ಜನ ಮೊರೆಯಿಡಬೇಕು. ನದಿಯ ನಡಿಗೆ ತಡೆದು ನಿಲ್ಲಿಸಿದ ನೀರು ಹೊಲಕ್ಕೆ ನಡೆದರೆ, ಮನುಷ್ಯರು ಊರು ಬಿಟ್ಟು ನಡೆಯಬೇಕಾಗಿಲ್ಲ.

ಬ್ಯಾರೇಜಿನಲ್ಲಿ ನಿಂತ ನೀರೆಷ್ಟು, ಯಾವ ಊರಿನ ಎಷ್ಟು ಎಕರೆಗೆ ಹರಿಯಿತು, ಗುಳೆ ಹೋಗದೆ ಊರಲ್ಲೇ ನಿಂತ ಮನೆಗಳೆಷ್ಟು ಎಂಬ ಮೂರು ಲೆಕ್ಕಗಳನ್ನು ಪ್ರತಿವರ್ಷವೂ ಆಯಾ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕೆಂದು ನಾವು ಒತ್ತಾಯಿಸುತ್ತೇವೆ. ಅದನ್ನು ‘ಪ್ರೋಗ್ರೆಸ್ ರಿಪೋರ್ಟ್’ ಎಂದೇ ಕರೆಯಲಿ, ನಮ್ಮ ತಕರಾರಿಲ್ಲ.