ಫಾರ್ಮ್ಯಾಟ್ ಅನ್ನೋದು ರಿಪೇರಿ ಅಲ್ಲ ಸ್ವಾಮಿ

"ಫಾರ್ಮ್ಯಾಟ್ ಹೊಡೆದ್ರೆ ಎಲ್ಲ ಸರಿಹೋಗುತ್ತೆ ಅಂದ್ರು ಕಣಣ್ಣ, ಹೂಂ ಅಂದ್ಬಿಟ್ಟೆ."

ಸಿ.ಎಸ್. ಪುರದಿಂದ ಚಿಕ್ಕಪ್ಪನ ಮಗ ಫೋನಿನಲ್ಲಿ ಹೇಳಿದ್ದು ಇಷ್ಟೇ. ಅವನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಉಬುಂಟು ಎರಡೂ ಇದ್ದವು. ವಿಂಡೋಸನ್ನು ಹೊಸದಾಗಿ ಹಾಕಿಕೊಂಡ, ಉಬುಂಟು ಕಾಣೆಯಾಯಿತು. ಪೇಟೆಯ ಅಂಗಡಿಗೆ ಒಯ್ದ. ಒಂದೇ ಗಂಟೆಯಲ್ಲಿ 'ಸರಿ'ಯಾಯಿತು. ತೀರಿಹೋದ ಅಜ್ಜಿ ಹೇಳಿದ್ದ ಸೋಬಾನೆ ಪದಗಳ ರೆಕಾರ್ಡಿಂಗ್ ಉಬುಂಟುವಿನಲ್ಲಿತ್ತು. ಅದರ ಮೇಲೆಯೇ ಹೊಸದನ್ನು ಬರೆದಿದ್ದರಿಂದ ರಿಕವರಿಯಲ್ಲೂ ಸಿಗಲಿಲ್ಲ.

ಸಿಟ್ಟು ಬರೋದು ಎಲ್ಲಿ ಗೊತ್ತಾ? ಅಂಗಡಿಗೆ ಹೋಗೋವರೆಗೂ ಆ ಹಾಡುಗಳಿಗೆ ಏನೂ ಆಗಿರಲಿಲ್ಲ. ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಸಿ.ಎಸ್. ಪುರದ ಬೋರ್ಡು ಬಿದ್ದರೆ ಊರೇ ಹಾಳಾಯ್ತು ಅಂತೀವಾ? ಬೂಟ್‌ಲೋಡರ್ ಅಂದ್ರೆ ಆ ಬೋರ್ಡು, ಅಷ್ಟೇ. ಹಳೇ ಬಯಾಸ್ ಕಂಪ್ಯೂಟರುಗಳಲ್ಲಿ ಡಿಸ್ಕಿನ ಮೊದಲ 512 ಬೈಟ್‌ಗಳಲ್ಲಿ ಅದರ ಮೊದಲ ತುಣುಕು ಕೂತಿರುತ್ತೆ. ಈಗಿನ ಯುಇಎಫ್‌ಐ ಯಂತ್ರಗಳಲ್ಲಿ ಅದಕ್ಕೆ ಪುಟ್ಟದೊಂದು ಪಾರ್ಟಿಷನ್ನೇ ಇದೆ. ಎಷ್ಟೋ ಸಲ ಸೆಟಪ್ ಮೆನುವಿನಲ್ಲಿ ಬೂಟ್ ಕ್ರಮ ಬದಲಿಸಿದರೆ ಸಾಕು. ಆಗಲಿಲ್ವಾ? ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಮೊದಲು ಫೈಲುಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಂಡು, ಆಮೇಲೆ ಗ್ರಬ್ ಮತ್ತೆ ಕೂರಿಸಬೇಕು.

ಲಿನಕ್ಸಿನ ಇಎಕ್ಸ್‌ಟಿ4 ಪಾರ್ಟಿಷನ್ನನ್ನು ವಿಂಡೋಸ್ ತಾನಾಗಿ ಓದಲಾರದು. ಕೆಲವೊಮ್ಮೆ "ಫಾರ್ಮ್ಯಾಟ್ ಮಾಡಲಾ?" ಅಂತಲೂ ಕೇಳುತ್ತೆ. ತನಗೆ ಓದೋಕೆ ಬಾರದ ಪುಸ್ತಕವನ್ನು ರದ್ದಿಗೆ ಹಾಕಲಾ ಅಂದಹಾಗೆ! 2024ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟಿನ ಒಂದು ಅಪ್‌ಡೇಟ್ ಆದಮೇಲೆ, ಸೆಕ್ಯೂರ್ ಬೂಟ್ ಆನ್ ಇದ್ದ ಎಷ್ಟೋ ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸ್ ಏಳಲೇ ಇಲ್ಲ. ಆಗಲೂ ಡಿಸ್ಕಿನ ಫೈಲುಗಳು ಇದ್ದಲ್ಲೇ ಇದ್ದವು. ಅಂಥ ಹೊತ್ತಲ್ಲಿ ಫಾರ್ಮ್ಯಾಟ್ ಹೊಡೆದವರೇ ನಿಜವಾಗಿ ಕಳೆದುಕೊಳ್ಳೋದು.

ಹಾಗಂತ ಅಂಗಡಿಯವನನ್ನು ಬೈದು ಕೈ ತೊಳೆದುಕೊಳ್ಳಲಾರೆ. ಹಬ್ಬಕ್ಕೆ ಊರಿಗೆ ಹೋಗಿ, "ಲಿನಕ್ಸ್ ಹಾಕ್ಕೊಳೋ, ಫ್ರೀ" ಅಂತ ಭಾಷಣ ಬಿಗಿದು, ಇದ್ದೊಂದು ಡಿಸ್ಕನ್ನು ಎರಡು ಪಾಲು ಮಾಡಿ, ಸಂಜೆ ಬೆಂಗಳೂರಿನ ಬಸ್ ಹತ್ತಿದವನು ನಾನು. ಬ್ಯಾಕಪ್ ಹೇಳಿಕೊಡಲಿಲ್ಲ. ಒಂದು ಪೆನ್‌ಡ್ರೈವ್ ಇಟ್ಟು ಬರಲಿಲ್ಲ. ಪಾಲು ಮಾಡಿದವನು ಪತ್ರ ಬರೆದುಕೊಡದೆ ಎದ್ದುಹೋದರೆ ತಪ್ಪು ಯಾರದ್ದು?

ಊರಿಗೆ ಹೊರಟ ಸಾಫ್ಟ್‌ವೇರ್ ಅಣ್ಣಂದಿರೇ, ಅಕ್ಕಂದಿರೇ, ಸ್ವೀಟ್ ಬಾಕ್ಸ್ ಜೊತೆ ಒಂದು ಲೈವ್ ಪೆನ್‌ಡ್ರೈವನ್ನೂ ಒಯ್ಯಿರಿ. ಯಾರಾದ್ರೂ ಫಾರ್ಮ್ಯಾಟ್ ಅಂದ ಕೂಡಲೇ "ತಡೀರಿ, ಒಳಗೇನಿದೆ ನೋಡಿದ್ರಾ?" ಅಂತ ಕೇಳೋದನ್ನ ತಮ್ಮ ತಂಗಿಯರಿಗೆ ಕಲಿಸಿ. ಅಷ್ಟು ಪುರುಸೊತ್ತಿಲ್ಲ ಅಂದ್ರೆ ದಯವಿಟ್ಟು ಅವರ ಡಿಸ್ಕಿಗೆ ಕೈ ಹಾಕಬೇಡಿ.