ಬ್ಲೇಡಿನ ತಪ್ಪಲ್ಲ, ಕೂತ ಜಾಗದ ತಪ್ಪು



ಕಳೆದ ಮೊದಲ ಶುಕ್ರವಾರ ರೋಗಿಗಳಿಗೆ ಪರಮಪ್ರಸಾದ ಕೊಡಲು ಹೋಗಿದ್ದಾಗ, ಹಾಸಿಗೆ ಹಿಡಿದ ಹಿರಿಯರೊಬ್ಬರ ಬಲಗೆನ್ನೆಯಲ್ಲಿ ಮೂರು ಹಸಿ ಗಾಯಗಳನ್ನು ಕಂಡೆವು. ಎಡಗೆನ್ನೆಯಲ್ಲಿ ಗಾಯ ಒಂದೂ ಇರಲಿಲ್ಲ, ಆದರೆ ಅಲ್ಲಿ ಗಡ್ಡ ಅರ್ಧಕ್ಕರ್ಧ ಹಾಗೇ ಉಳಿದಿತ್ತು. ಪಾರ್ಶ್ವವಾಯು ಬಡಿದ ಅವರಿಗೆ ಮಾತು ಹೋಗಿದೆ. ಕ್ಷೌರ ಮಾಡಿಸುವವನು ಮಗ. ಒಂದು ಬದಿಯ ಅಲಗಿನಿಂದ ಒಂದು ಕೆನ್ನೆ, ಇನ್ನೊಂದು ಬದಿಯಿಂದ ಇನ್ನೊಂದು ಕೆನ್ನೆ ತೆಗೆಯುವುದು ಅವನ ರೂಢಿ. "ಬ್ಲೇಡೇ ಸರಿಯಿಲ್ಲ ಫಾದರ್, ಎರಡು ಕಂಪೆನಿಯದ್ದು ಹಾಕಿ ನೋಡಿದೆ" ಎಂದ.

ರೇಜರನ್ನು ತರಿಸಿ ನೋಡಿದೆವು. ಆ ಹಿರಿಯರೇ ಪ್ರಾಯದಲ್ಲಿ ಬೊಂಬಾಯಿಯಲ್ಲಿ ದುಡಿಯುತ್ತಿದ್ದಾಗ ಕೊಂಡ, ಹಿತ್ತಾಳೆಯ ಮೇಲೆ ನಿಕ್ಕಲ್ ಲೇಪ ಕೊಟ್ಟ, ಮೂರು ಭಾಗದ ರೇಜರು. ಯಾವಾಗಲೋ ಸ್ನಾನದ ಕೋಣೆಯ ಕಲ್ಲಿನ ಮೇಲೆ ಬಿದ್ದಿರಬೇಕು, ಒಂದು ಬದಿಯ ಎರಡು ಹಲ್ಲುಗಳು ಕೆಳಕ್ಕೆ ಬಾಗಿದ್ದವು. ಅದೇ ಬದಿಗೆ ಬ್ಲೇಡು ಕೂದಲೆಳೆಯಷ್ಟು ಹೆಚ್ಚು ಚಾಚಿಕೊಂಡಿತ್ತು. ಬ್ಲೇಡಿನಲ್ಲಿ ತಪ್ಪಿರಲಿಲ್ಲ. ಅದು ಕೂತ ಜಾಗ ಓರೆಯಾಗಿತ್ತು. ಹೇಳಲು ಬಾಯಿಲ್ಲದ ಮನುಷ್ಯ ಎಷ್ಟು ವಾರಗಳಿಂದ ಈ ನೋವು ಸಹಿಸಿದ್ದರೋ!

ನಮ್ಮದೂ ಇದೇ ಕಥೆ. ನಮ್ಮ ತಂದೆಯವರ ರೇಜರನ್ನು ಬಳಸಲು ತೊಡಗಿದಾಗ ಬಹುಕಾಲ ಬ್ಲೇಡುಗಳನ್ನೇ ಬೈಯುತ್ತಾ ಬಂದೆವು. ಕೆರೆಯದಿದ್ದರೆ ಇನ್ನಷ್ಟು ಒತ್ತುತ್ತಿದ್ದೆವು. ಒತ್ತಿದಷ್ಟೂ ಗಾಯ. ಆದ್ದರಿಂದ ಈ ಬಾರಿಯ ಕೃಷಿ-ಆರೋಗ್ಯ ಅಂಕಣದಲ್ಲಿ ರೇಜರಿನ ವಿಷಯ ಬರೆಯುತ್ತಿದ್ದೇವೆ. ತೋಟ, ಹಟ್ಟಿ, ಗೊಬ್ಬರದ ನಡುವೆ ಬದುಕುವ ನಮಗೆ ಮುಖದ ಮೇಲಿನ ಗಾಯ ಸಣ್ಣ ಸಂಗತಿಯಲ್ಲ ಎಂಬುದನ್ನು ಮುಂದೆ ಹೇಳುತ್ತೇವೆ.

ಈ ಉಪಕರಣದ ಹಿನ್ನೆಲೆ ಸ್ವಲ್ಪ ತಿಳಿದರೆ ಅದರ ಕಾಯಿಲೆಯೂ ತಿಳಿಯುತ್ತದೆ. ಅಮೆರಿಕದ ಮಾರಾಟ ಪ್ರತಿನಿಧಿ ಕಿಂಗ್ ಕ್ಯಾಂಪ್ ಜಿಲೆಟ್ ಎಂಬವರಿಗೆ, ಮಸೆಯುವ ಗೋಜಿಲ್ಲದೆ ಮೊಂಡಾದಾಗ ಬದಲಾಯಿಸುವ ತೆಳು ಬ್ಲೇಡಿನ ಯೋಚನೆ ಹೊಳೆಯಿತು. ಅಷ್ಟು ತೆಳು ಉಕ್ಕನ್ನು ಹದಗೊಳಿಸುವ ದಾರಿ ಕಂಡುಹಿಡಿದವರು ವಿಲಿಯಂ ನಿಕರ್ಸನ್ ಎಂಬ ಇಂಜಿನಿಯರ್. 1903ರಲ್ಲಿ, ಮೊದಲ ವರ್ಷ, ಮಾರಾಟವಾದದ್ದು ಕೇವಲ 51 ರೇಜರು ಮತ್ತು 168 ಬ್ಲೇಡು. 1904ರ ನವೆಂಬರಿನಲ್ಲಿ ಪೇಟೆಂಟ್ ಸಿಕ್ಕಿತು. ಒಂದನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಚೀಲಗಳಲ್ಲಿ ಇದು ಲಕ್ಷಗಟ್ಟಲೆ ಸೇರಿತು. ಅಲ್ಲಿಂದ ಇದು ಲೋಕವೆಲ್ಲಾ ಹರಡಿತು.

ಬ್ಲೇಡಿನ ದಪ್ಪ ಸುಮಾರು 0.1 ಮಿಲಿಮೀಟರ್, ಅಗಲ ಸುಮಾರು 22 ಮಿಲಿಮೀಟರ್. ತಾನಾಗಿ ಅದಕ್ಕೆ ಗಟ್ಟಿತನವಿಲ್ಲ. ಮೇಲಿನ ಮುಚ್ಚಳ ಮತ್ತು ಕೆಳಗಿನ ತಟ್ಟೆ ಅದನ್ನು ಬಿಲ್ಲಿನಂತೆ ಬಗ್ಗಿಸಿ ಹಿಡಿದಾಗ ಮಾತ್ರ ಅದು ನಿಲ್ಲುತ್ತದೆ. ಬ್ಲೇಡಿನ ತೂತು ಮುಚ್ಚಳದ ಗೂಟಗಳಿಗಿಂತ ಒಂದಿಷ್ಟು ದೊಡ್ಡದಿರುವುದರಿಂದ ಸ್ವಲ್ಪ ಅಲುಗಾಟ ಇದ್ದೇ ಇರುತ್ತದೆ. ಆ ಅಲುಗಾಟದಲ್ಲಿ ಓರೆಯಾಗಿ ಬಿಗಿದರೆ ಒಂದು ಬದಿ ಕಚ್ಚುತ್ತದೆ, ಇನ್ನೊಂದು ಬದಿ ಸುಮ್ಮನೆ ಜಾರುತ್ತದೆ. ಇದರ ಮೇಲೆ ಸಾಬೂನಿನ ಕಿಟ್ಟ, ಬಿದ್ದು ಬಾಗಿದ ಹಲ್ಲು, ಅತಿಯಾಗಿ ತಿರುಗಿಸಿ ಬಿಗಿದದ್ದರಿಂದ ಡೊಂಕಾದ ಮುಚ್ಚಳ ಸೇರಿದರೆ ಕೇಳುವುದೇ ಬೇಡ.

ಪರೀಕ್ಷೆ ಮಾಡುವ ಕ್ರಮ ಹೀಗಿದೆ. ಮೊದಲು ಬ್ಲೇಡು ತೆಗೆದು ಬದಿಗಿಡಿ. ಮೂರೂ ಭಾಗಗಳನ್ನು ಬೆಚ್ಚಗಿನ ಸಾಬೂನು ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಹಿತ್ತಾಳೆ ದೀಪ ಬೆಳಗುವಂತೆ ಹುಣಸೆಹುಳಿ ಹಚ್ಚಬೇಡಿ, ನಿಕ್ಕಲ್ ಲೇಪ ಹಾಳಾಗುತ್ತದೆ. ಅರ್ಧಕ್ಕರ್ಧ ಓರೆತನ ಈ ತೊಳೆಯುವಿಕೆಯಲ್ಲೇ ಹೋಗುವುದನ್ನು ನಾವು ಕಂಡಿದ್ದೇವೆ. ಬಳಿಕ ಮುಚ್ಚಳವನ್ನೂ ತಟ್ಟೆಯನ್ನೂ ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚು ನೇರವಾಗಿದೆಯೇ ನೋಡಿ. ಹಿಡಿಯನ್ನು ಗಾಜಿನ ಮೇಲೆ ಉರುಳಿಸಿ. ಕುಣಿದರೆ ಅದು ಬಾಗಿದೆ. ಮುಚ್ಚಳದ ನಡುವಿನ ತಿರುಪು ನೆಟ್ಟಗಿದೆಯೇ ಎಂದೂ ನೋಡಬೇಕು.

ಇನ್ನು ಹೊಸ ಬ್ಲೇಡು ಹಾಕಿ. ಮುಚ್ಚಳವನ್ನು ಮಗುಚಿ ಮೇಜಿನ ಮೇಲಿಡಿ. ಅದರ ಮೇಲೆ ಬ್ಲೇಡು, ಬ್ಲೇಡಿನ ಮೇಲೆ ತಟ್ಟೆ, ಬಳಿಕ ಹಿಡಿ. ಹಿಡಿಯನ್ನು ಪೂರ್ತಿ ಬಿಗಿಯದೆ, ಬ್ಲೇಡಿನ ಹರಿತವಿಲ್ಲದ ಎರಡು ಕಿರುತುದಿಗಳನ್ನು ಬೆರಳಲ್ಲಿ ಹಿಡಿದು ಮೆಲ್ಲನೆ ಆಚೀಚೆ ಸರಿಸಿ ನಡುವಿಗೆ ತನ್ನಿ. ಹಾಗೇ ಹಿಡಿದುಕೊಂಡು ಬಿಗಿಯಿರಿ. ಈಗ ಕಿಟಕಿಯ ಬೆಳಕಿಗೆ ಹಿಡಿದು ಮುಚ್ಚಳದ ಕೆಳಗಿನಿಂದ ಇಣುಕುವ ಉಕ್ಕಿನ ಗೆರೆಯನ್ನು ನೋಡಿ. ಎರಡೂ ಬದಿಯಲ್ಲಿ ಒಂದೇ ಅಗಲ, ಈ ತುದಿಯಿಂದ ಆ ತುದಿಯವರೆಗೂ ಒಂದೇ ಅಗಲ ಇರಬೇಕು. ಎಷ್ಟೋ ಸಲ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ.

ಇನ್ನೂ ಓರೆಯೇ? ಹಾಗಾದರೆ ತಪ್ಪು ಯಾರದೆಂದು ವಿಚಾರಿಸಬೇಕು. ಮುಚ್ಚಳ, ತಟ್ಟೆ ಎರಡರ ಒಂದೇ ಬದಿಗೆ ಪೆನ್ಸಿಲಿನಿಂದ ಗುರುತು ಹಾಕಿ. ಬ್ಲೇಡನ್ನು ಮಾತ್ರ ಅರ್ಧ ಸುತ್ತು ತಿರುಗಿಸಿ ಮತ್ತೆ ಜೋಡಿಸಿ. ಓರೆ ಬ್ಲೇಡಿನೊಡನೆ ಆಚೆ ಬದಿಗೆ ಹೋದರೆ ತಪ್ಪು ಬ್ಲೇಡಿನದು. ಇದ್ದಲ್ಲೇ ಉಳಿದರೆ ರೇಜರಿನದು. ಆಗ ತಟ್ಟೆಯನ್ನು ಮಾತ್ರ ಅರ್ಧ ಸುತ್ತು ತಿರುಗಿಸಿ ಜೋಡಿಸಿ. ಓರೆ ತಟ್ಟೆಯ ಗುರುತಿನೊಡನೆ ಹೋದರೆ ತಟ್ಟೆ ಬಾಗಿದೆ, ಮುಚ್ಚಳದ ಗುರುತಿನ ಬಳಿಯೇ ನಿಂತರೆ ಮುಚ್ಚಳ ಬಾಗಿದೆ. ಪ್ರತಿ ಸಲ ಜೋಡಿಸುವಾಗಲೂ ಓರೆ ಜಾಗ ಬದಲಿಸಿದರೆ ಯಾವುದೂ ಬಾಗಿಲ್ಲ, ನಾವು ಕೂರಿಸುವ ಬಗೆ ಸರಿಯಿಲ್ಲ. ನಾಲ್ಕಾಣೆಯ ಖರ್ಚಿಲ್ಲದ ವಿಚಾರಣೆ ಇದು. ವಿಚಾರಿಸದೆ ತೀರ್ಪು ಕೊಡುವುದು ರೇಜರಿನ ವಿಷಯದಲ್ಲೂ ನ್ಯಾಯವಲ್ಲ.

ಹಿತ್ತಾಳೆಯ ಹಲ್ಲು ಬಾಗಿದ್ದರೆ ನೇರ ಮಾಡಬಹುದು. ಬ್ಲೇಡು ತೆಗೆದೇ ಈ ಕೆಲಸ ಮಾಡಬೇಕು, ಮರೆಯಬೇಡಿ. ಅಡಿಕೆ ಮರದ ಗಟ್ಟಿ ಸಲಾಕೆಯ ಚೂರನ್ನು ಹಲ್ಲಿಗೆ ಒತ್ತುಕೊಟ್ಟು, ಅಥವಾ ಬಟ್ಟೆ ಸುತ್ತಿದ ಇಕ್ಕುಳದಿಂದ ಹಿಡಿದು, ಒಂದಿಷ್ಟೇ ತಳ್ಳಿ. ನೋಡಿ, ಮತ್ತೆ ತಳ್ಳಿ. ಅತ್ತ ಇತ್ತ ಹತ್ತು ಸಲ ಬಗ್ಗಿಸಿದರೆ ಹಿತ್ತಾಳೆ ಗಡುಸಾಗಿ ಪಟ್ಟನೆ ಮುರಿಯುತ್ತದೆ. ಮುಚ್ಚಳದ ಅಂಚನ್ನು ಮರದ ಹಲಗೆಯ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ ಸರಿಪಡಿಸಬಹುದು. ಸುತ್ತಿಗೆ ಬೇಡ. ಬುಡದ ಗುಂಡಿ ತಿರುಗಿಸಿದಾಗ ಎರಡು ಬಾಗಿಲು ತೆರೆಯುವ ಚಿಟ್ಟೆ ಮಾದರಿಯಲ್ಲಿ ಬಾಗಿಲುಗಳು ಸಮನಾಗಿ ಮುಚ್ಚದಿರಲು ಕಾರಣ ಹೆಚ್ಚಾಗಿ ಒಳಗೆ ಕಟ್ಟಿದ ಕಿಟ್ಟವೇ. ನೆನೆಸಿ ತೊಳೆದು, ಒಣಗಿಸಿ, ಹೊಲಿಗೆಯಂತ್ರದ ಎಣ್ಣೆ ಒಂದು ಹನಿ ಬಿಡಿ. ಬಾಗಿಲು ಮುಚ್ಚಿದ ಮೇಲೆ ಗುಂಡಿಯನ್ನು ಬಲ ಹಾಕಿ ತಿರುಗಿಸಬೇಡಿ.

ಆದರೆ ಎಲ್ಲವನ್ನೂ ಉಳಿಸಲಾಗದು. ಸತುವಿನ ಮಿಶ್ರಲೋಹವನ್ನೋ ಅಲ್ಯುಮಿನಿಯಮನ್ನೋ ಎರಕ ಹೊಯ್ದು ಮಾಡಿದ ರೇಜರುಗಳು ಬಾಗುವುದಿಲ್ಲ, ಬಿರಿಯುತ್ತವೆ. ಬಿರುಕು ಕಂಡರೆ, ತಿರುಪಿನ ಎಳೆ ಸವೆದಿದ್ದರೆ, ಅಜ್ಜನ ನೆನಪಿಗೆ ಅದನ್ನು ಕಪಾಟಿನಲ್ಲಿಡಿ, ಮುಖಕ್ಕೆ ಹಚ್ಚಬೇಡಿ.

"ಫಾದರ್, ಅಂಗಡಿಯಲ್ಲಿ ಬಳಸಿ ಎಸೆಯುವ ಪ್ಲಾಸ್ಟಿಕ್ ರೇಜರು ಸಿಗುವಾಗ ಈ ಕಷ್ಟ ಯಾಕೆ?" ಎಂದು ಯುವಕರು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ಕೈ ನಡುಗುವವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ವಿದ್ಯುತ್ ರೇಜರೇ ಒಳ್ಳೆಯದು, ಅದರಲ್ಲಿ ಹಠ ಬೇಡ. ಉಳಿದವರಿಗೆ ನಮ್ಮ ಅಭಿಪ್ರಾಯ ಬೇರೆ. ಎಸೆದ ಪ್ಲಾಸ್ಟಿಕ್ ಹಿಡಿ ತೋಟದ ಮಣ್ಣಿನಲ್ಲಿ ಕರಗುವುದಿಲ್ಲ, ಬ್ಲೇಡು ಅದರೊಳಗೇ ಸಿಕ್ಕಿಕೊಂಡಿರುವುದರಿಂದ ಗುಜರಿಗೂ ಸಲ್ಲುವುದಿಲ್ಲ. ಸರಿಪಡಿಸಿದ ಹಿತ್ತಾಳೆ ರೇಜರು ಮೂರು ತಲೆಮಾರು ಬಾಳುತ್ತದೆ. ಕತ್ತಿ, ಹಾರೆ, ಪಿಕ್ಕಾಸಿಗೆ ಹಿಡಿ ಹಾಕಿಸಿ ಬಳಸುವ ರೈತನಿಗೆ ಇದನ್ನು ನಾವು ಕಲಿಸಬೇಕಾಗಿಲ್ಲ.

ಈಗ ಆರೋಗ್ಯದ ಮಾತು. ಧನುರ್ವಾಯು ತುಕ್ಕಿನಿಂದ ಬರುತ್ತದೆಂದು ಹಲವರು ನಂಬಿದ್ದಾರೆ. ಅದರ ರೋಗಾಣುವಿನ ಬೀಜಗಳಿರುವುದು ಮಣ್ಣಿನಲ್ಲಿ, ದನದ ಸೆಗಣಿಯಲ್ಲಿ. ಬೆಳಿಗ್ಗೆ ಕೆನ್ನೆ ಕುಯ್ದುಕೊಂಡು, ಆ ಮೇಲೆ ಹಟ್ಟಿ ಬಾಚಿ, ಅದೇ ಕೈಯಿಂದ ಬೆವರು ಒರೆಸುವವರು ನಾವಲ್ಲವೇ? ಗಾಯವಾದರೆ ಸಾಬೂನು ಹಾಕಿ ಚೆನ್ನಾಗಿ ತೊಳೆಯಿರಿ. ದೊಡ್ಡವರಿಗೂ ಹತ್ತು ವರ್ಷಕ್ಕೊಮ್ಮೆ ಟಿ.ಡಿ. ಚುಚ್ಚುಮದ್ದು ಬೇಕು. ಮಣ್ಣು, ಸೆಗಣಿ ತಾಗಿದ ಗಾಯವಾಗಿ, ಹಿಂದಿನ ಚುಚ್ಚುಮದ್ದಿಗೆ ಐದು ವರ್ಷ ದಾಟಿದ್ದರೆ ಕೂಡಲೇ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಡಿಕೆಗೆ ಬೋರ್ಡೋ ದ್ರಾವಣ ಅಥವಾ ಬೇರಾವುದೇ ಔಷಧಿ ಸಿಂಪಡಿಸುವ ದಿನ ಬೆಳಿಗ್ಗೆ ಕ್ಷೌರ ಬೇಡ. ಗೀರು ಬಿದ್ದ ಚರ್ಮ ಉರಿಯುತ್ತದೆ, ವಿಷವನ್ನೂ ಬೇಗ ಒಳಗೆ ಬಿಡುತ್ತದೆ. ಸಂಜೆ ಸ್ನಾನದ ನಂತರ ಮಾಡಿ. ಸಕ್ಕರೆ ಕಾಯಿಲೆ ಇರುವವರ ಗಾಯ ತಡವಾಗಿ ಮಾಯುತ್ತದೆ, ಅವರು ಹೆಚ್ಚಿನ ಎಚ್ಚರ ವಹಿಸಬೇಕು.

ಒಬ್ಬನ ರೇಜರು ಒಬ್ಬನಿಗೇ. ಅಪ್ಪ-ಮಗ ಎಂಬ ಸಲಿಗೆ ಇಲ್ಲಿ ಬೇಡ. ಹೆಪಟೈಟಿಸ್ ಬಿ ವೈರಸ್ಸು ದೇಹದ ಹೊರಗೆ, ಒಣಗಿದ ರಕ್ತದಲ್ಲಿಯೂ, ಕಡಿಮೆಯೆಂದರೆ ಏಳು ದಿನ ಬದುಕಿರಬಲ್ಲದು. ಗಾಯಕ್ಕೆ ಉಜ್ಜುವ ಪಟಿಕದ ಗಟ್ಟಿಯನ್ನೂ ಹಂಚಿಕೊಳ್ಳಬಾರದು. ಹಿರಿಯರಿಂದ ಬಂದ ರೇಜರನ್ನು ಬಳಸುವ ಮುನ್ನ ತೊಳೆದು ಸ್ಪಿರಿಟ್ಟಿನಲ್ಲಿ ನೆನೆಸಿ. ಅದರೊಳಗಿದ್ದ ಹಳೆಯ ಬ್ಲೇಡನ್ನು ಮಾತ್ರ ಎಂದೂ ಬಳಸಬೇಡಿ.

ಕೊನೆಯದಾಗಿ, ನಾವು ಗಟ್ಟಿಯಾಗಿ ಹೇಳಲೇಬೇಕಾದ ಮಾತೊಂದಿದೆ. ಹಳೆಯ ಬ್ಲೇಡನ್ನು ಗೊಬ್ಬರದ ಗುಂಡಿಗೋ ತೆಂಗಿನ ಬುಡಕ್ಕೋ ಎಸೆಯುವುದು ನಮ್ಮಲ್ಲಿ ಪಾಪವೆಂದು ಯಾರಿಗೂ ಅನಿಸುವುದಿಲ್ಲ. ಗೊಬ್ಬರ ಹೊರುವವಳು ಬರಿಗೈಯವಳು, ತೋಟಕ್ಕೆ ಇಳಿಯುವವನು ಬರಿಗಾಲಿನವನು. ದನ ಹುಲ್ಲನ್ನು ಅಗಿಯುವ ಮೊದಲೇ ನುಂಗುತ್ತದೆ, ಮೊಳೆ, ತಂತಿ, ಬ್ಲೇಡಿನ ಚೂರು ಬಾಯಲ್ಲಿ ಗೊತ್ತಾಗದು. ಅದು ಎರಡನೆಯ ಹೊಟ್ಟೆಯಲ್ಲಿ ನಿಲ್ಲುತ್ತದೆ. ಆ ಹೊಟ್ಟೆಯ ಎದುರಿಗೇ ಹೃದಯ. ಚೂಪಾದ ಲೋಹ ಅಲ್ಲಿಂದ ಹೃದಯದ ಚೀಲಕ್ಕೆ ತೂರಿದರೆ ಹಾಲು ಕೊಡುವ ದನ ಮೇವು ಬಿಟ್ಟು, ಗಂಗೆದೊಗಲು ಊದಿ ಸಾಯುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ಮನೆಮನೆಗೆ ಬರುವ ಹರಿತ ಕರ್ಮ ಸೇನೆಯ ಹೆಂಗಸರ ಕೈ ಕುಯ್ಯುತ್ತದೆ. ಅವರಲ್ಲಿ ನಮ್ಮ ಧರ್ಮಕೇಂದ್ರದ ಅಕ್ಕತಂಗಿಯರೂ ಇದ್ದಾರೆ.

ಪರಿಹಾರ ಬಹಳ ಸುಲಭ. ಮುಚ್ಚಳವಿರುವ ತಗಡಿನ ಡಬ್ಬಿಯೊಂದಕ್ಕೆ ಸೀಳು ಮಾಡಿ, ಮುಗಿದ ಬ್ಲೇಡನ್ನು ಅದರೊಳಗೆ ಜಾರಿಸಿ. ಮಕ್ಕಳ ಕೈಗೆ ಎಟುಕದ ಕಡೆ ಇಡಿ. ತುಂಬಲು ವರ್ಷಗಳೇ ಬೇಕು. ತುಂಬಿದಾಗ ಸೀಳನ್ನು ಮುಚ್ಚಿ, ಮೇಲೆ "ಬ್ಲೇಡು" ಎಂದು ಬರೆದು ಗುಜರಿಗೆ ಕೊಡಿ. ಡಬ್ಬಿ ಇಡಲು ಅನುಕೂಲವಿಲ್ಲದವರಿಗಾಗಿ ಇಗರ್ಜಿಯ ಕಚೇರಿಯ ಬಾಗಿಲ ಬಳಿ ಒಂದು ಡಬ್ಬಿ ಇಡಿಸುತ್ತೇವೆ. ವಾಡೆಯ ಗುರಿಕಾರರು ಮನೆಮನೆಗೆ ಈ ವಿಷಯ ತಿಳಿಸಬೇಕೆಂದು ಕೋರುತ್ತೇವೆ.

ಆ ಹಿರಿಯರ ರೇಜರನ್ನು ಅಂದೇ ಮಗನ ಕೈಯಿಂದಲೇ ಸರಿಪಡಿಸಿದೆವು. ಮುಂದಿನ ಭಾನುವಾರ ಅವನು ಪೂಜೆಯ ನಂತರ ಬಂದು, "ಅಪ್ಪ ಈ ಸಲ ಮುಖ ತಿರುಗಿಸಲಿಲ್ಲ ಫಾದರ್" ಎಂದ. ನಿಮ್ಮ ಮನೆಯಲ್ಲೂ ಮಾತಾಡಲಾಗದ ಹಿರಿಯರಿಗೆ ಕ್ಷೌರ ಮಾಡಿಸುವವರಿದ್ದರೆ, ಇಂದು ಸಂಜೆಯೇ ಆ ರೇಜರನ್ನು ಬೆಳಕಿಗೆ ಹಿಡಿದು ಒಮ್ಮೆ ನೋಡಿರಿ.

ದೇವರು ನಿಮ್ಮನ್ನು ಹರಸಲಿ.